ಅಂಗೈ ಮುಚ್ಚದ ಕಟ್ಟು

ಗರಗಸ ಕುದಿಯುತ್ತಿತ್ತು. ಕೈ ತೆಗೆಸಿಕೊಳ್ಳಬೇಕಾದ ಹೆಂಗಸು ಮಾತ್ರ ಇರಲಿಲ್ಲ.

ಹಾಸಿಗೆ ನೋಡಿದೆ, ಬಚ್ಚಲು ನೋಡಿದೆ, ಹಿತ್ತಲಿನ ಹುಣಸೆಮರದ ಬುಡ ನೋಡಿದೆ. ಆಸ್ಪತ್ರೆಯ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಮಂಚದ ಮೇಲಿಟ್ಟು ಹೋಗಿದ್ದಳು. ಒಳಗೆ ಡಾಕ್ಟರಮ್ಮ ಕೈ ತೊಳೆದುಕೊಂಡು, ಏನನ್ನೂ ಮುಟ್ಟದೆ ಎರಡೂ ಕೈ ಎತ್ತಿಕೊಂಡು ನಿಂತಿದ್ದರು. ಕಾಂಪೌಂಡರ ಕೈಯಲ್ಲಿ ಕ್ಲೋರೋಫಾರಂ ಸೀಸೆ.

"ಎಲ್ಲಿ ಆ ಅಮ್ಮ?"

"ಓಡೋಗವ್ರೆ ಅಮ್ಮಾ."

"ನಿಂತ್ಕೊಂಡು ನನ್ನ ಮುಖ ನೋಡಬೇಡ. ಪೋ ತಂಬಿ, ಸೈಕಲ್ ತಗೊಂಡು ಪೋ!"

ಡಾಕ್ಟರಮ್ಮ ಕೊಯಮತ್ತೂರಿನವರು. ಸಿಟ್ಟು ಬಂದರೆ ತಮಿಳು ಬರುತ್ತದೆ. ನಾನು ಸೈಕಲ್ ತೆಗೆದೆ.

ಕೊಳ್ಳೇಗಾಲ ದಾಟಿ ಮಧುವನಹಳ್ಳಿ ರಸ್ತೆಯಲ್ಲಿ ಒಂದು ಮೈಲಿ ಹೋಗುವಷ್ಟರಲ್ಲಿ ಸಿಕ್ಕಿದಳು. ಹೊಂಗೆ ಮರದ ನೆರಳಲ್ಲಿ ಕಾಲು ಚಾಚಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ವಯಸ್ಸು ಐವತ್ತೈದರ ಆಸುಪಾಸು. ಎಡಗೈಯನ್ನು ಜೋಳಿಗೆಯಂತೆ ಕೊರಳಿಗೆ ನೇತುಹಾಕಿಕೊಂಡಿದ್ದಳು. ನನ್ನನ್ನು ನೋಡಿ ಎದ್ದು ಓಡಲಿಲ್ಲ.

"ಬಂದ್ಯಾ ಬ್ಯಾಂಡೇಜಪ್ಪ? ನೀ ಬತ್ತೀಯ ಅಂತಾನೇ ಕುಂತಿವ್ನಿ. ಕಟ್ಟು ಸಡ್ಲೋಗದೆ, ವಸಿ ಬಿಗಿ."

"ಅವ್ವಾ, ನಿಂಗೇನು ತಲೆಗಿಲೆ ಕೆಟ್ಟದ್ಯಾ? ಅಲ್ಲಿ ಎಲ್ಲಾರೂ ಕಾಯ್ತಾವ್ರೆ. ಗರಗಸ ಬೇಯ್ತಾ ಅದೆ."

"ಬೇಯ್ಲಿ ಬುಡು. ಅದೇನು ಮೊಟ್ಟೆಯಾ, ಒತ್ತಾದ್ರೆ ಒಡೆದೋಗಕ್ಕೆ?"

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕೈ ಬಿಟ್ಟರೆ ಜೀವ ಉಳಿಯುತ್ತದೆ, ಕೈ ಇಟ್ಟುಕೊಂಡರೆ ಜೀವ ಹೋಗುತ್ತದೆ, ಇದರಲ್ಲಿ ತಿಳಿಯದೆ ಇರುವುದು ಏನಿದೆ ಅಂದೆ. ಅವಳು ಎಲೆ ಅಗಿಯುತ್ತ ಪೂರ್ತಿ ಕೇಳಿದಳು. ಆಮೇಲೆ ಬಲಗೈಯಿಂದ ಕೊರಳಿನ ಬೆಳ್ಳಿ ಕರಡಿಗೆ ಮುಟ್ಟಿ ತೋರಿಸಿದಳು. ಅವರ ಲಿಂಗ ಇರುವುದು ಅದರೊಳಗೆ.

"ಇವನ್ನ ದಿನಾ ಬೆಳಿಗ್ಗೆ ಈ ಎಡಗೈ ಮೇಲೆ ಇಟ್ಕಂಡು ಪೂಜೆ ಮಾಡದು. ನಾ ಸತ್ರೆ ಗುಂಡಿಲಿ ಕುಂಡ್ರುಸಿ, ಈ ಕೈಗೇ ಇವನ್ನ ಕೊಡದು. ಕೈ ಕೂದು ಬಿಸಾಕ್ಬುಟ್ರೆ ಎಲ್ಲಿ ಕುಂಡ್ರುಸ್ಲಿ? ನಿನ್ ತಲೆ ಮೇಲಾ?"

ನಾನು ಅವರ ಪೈಕಿ ಅಲ್ಲ. ನಮ್ಮ ದೇವರು ಗುಡಿಯಲ್ಲಿರುತ್ತಾನೆ. ಕೈ ಇಲ್ಲದವನೂ ಹೋಗಿ ತಲೆ ಬಗ್ಗಿಸಿ ಬರಬಹುದು. ಅಲ್ಲೇ ರಸ್ತೆ ಬದಿಯಲ್ಲಿ ಕೂತು ಕಟ್ಟು ಬಿಗಿ ಮಾಡಿದೆ. ಅವಳು ಊರಿಗೆ ನಡೆದಳು. ನಾನು ಬರಿಗೈಯಲ್ಲಿ ಆಸ್ಪತ್ರೆಗೆ ಬಂದೆ.

ನನ್ನ ಕೆಲಸ ಎರಡು. ಒಂದು, ಗಾಯಕ್ಕೆ ಕಟ್ಟು ಕಟ್ಟುವುದು. ಇನ್ನೊಂದು, ಚಿಕಿತ್ಸೆ ಬೇಡ ಅಂತ ಎದ್ದು ಹೋದವರನ್ನು ಹುಡುಕಿ ಕರೆತರುವುದು. ಕರೆತರಲು ಆಗದಿದ್ದರೆ ಕಾರಣ ತಂದು ಹೇಳಬೇಕು. ಕಾಂಪೌಂಡರು ಅದನ್ನು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಡಾಕ್ಟರಮ್ಮ ಕ್ಯಾನ್ಸರ್ ಅನ್ನುವುದನ್ನು ನಮ್ಮ ಕಡೆ ಕೆಟ್ಟ ಹುಣ್ಣು ಅನ್ನುತ್ತಾರೆ. ಅದರಲ್ಲೇ ಓಡಿಹೋಗುವವರು ಜಾಸ್ತಿ. ಹನೂರಿನ ಒಬ್ಬ, ಕೆನ್ನೆಯೊಳಗೆ ಹುಣ್ಣಾಗಿದ್ದವನು, ಮದರಾಸಿಗೆ ಹೋಗಿ ಅಲ್ಲೇ ಸತ್ತರೆ ಹೆಣ ತರುವವರು ಯಾರು ಅಂದ. ರಾಮಾಪುರದ ಹೆಂಗಸು, ಎದೆಯ ಗೆಡ್ಡೆಗೆ ಕತ್ತಿ ತಾಕಿದರೆ ಮೈಗೆಲ್ಲ ಹಬ್ಬುತ್ತದೆ ಅಂದಳು. ಇನ್ನೊಬ್ಬ ಪ್ರತಿ ಸಲವೂ ಮುಂದಿನ ತಿಂಗಳು ಬರುತ್ತೇನೆ ಅನ್ನುತ್ತಿದ್ದ. ಕೊನೆಗೆ ಅವನಿಗೆ ಮುಂದಿನ ತಿಂಗಳು ಬರಲಿಲ್ಲ. ಇವರೆಲ್ಲ ಪೆದ್ದರು ಅಂತಲೇ ನಾನು ತಿಳಿದಿದ್ದೆ. ಕಾರಣ ಏನು ಅಂತ ಕಾಂಪೌಂಡರು ಕೇಳಿದರೆ, "ಪೆದ್ದುತನ, ಬರ್ಕಳಿ ಸಾ" ಅನ್ನುತ್ತಿದ್ದೆ.

ಈ ಅವ್ವನ ಕೈಯ ಕಥೆ ಹೀಗೆ. ಅವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಗೂಡು ಬೇಯಿಸಿ ನೂಲನ್ನೂ ತೆಗೆಯುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಗೂಡು ಬೇಯುವ ನೀರು ಮುಂಗೈ ಮೇಲೆ ಚೆಲ್ಲಿ ಬೆಂದಿತ್ತು. ಆ ಸುಟ್ಟ ಕಲೆ ಮೂವತ್ತು ವರ್ಷ ಸುಮ್ಮನಿತ್ತು. ಆಮೇಲೆ ಬಿರಿಯಿತು, ಒಸರಿತು, ಬೆಳೆಯಿತು. ನಾನು ಮೊದಲು ಬಿಚ್ಚಿ ನೋಡಿದಾಗ ಮಣಿಕಟ್ಟಿನ ಮೇಲ್ಗಡೆ ಒಂದು ತೆಂಗಿನ ಹೋಳು ಬೋರಲು ಹಾಕಿದಷ್ಟು ಇತ್ತು. ಅಂಗೈ ಮಾತ್ರ ಚೊಕ್ಕಟವಾಗಿತ್ತು, ಒಂದು ಗೀರಿಲ್ಲ.

ಅವತ್ತು ನಾನು ಬರಿಗೈಯಲ್ಲಿ ಬಂದು ಕಾರಣ ಹೇಳಿದ ಮೇಲೆ ಡಾಕ್ಟರಮ್ಮ ಹೇಳಿದರು:

"ಕಂಕುಳಲ್ಲಿ ಇನ್ನೂ ಗಂಟಿಲ್ಲ. ಈಗ ತೆಗೆದರೆ ಬದುಕಬಹುದು. ಗಂಟು ಬಂದಮೇಲೆ ನಾನೂ ಕೈ ಕಟ್ಟಿ ಕೂರಬೇಕು. ಅವರ ಸ್ವಾಮಿಗಳು ಹೇಳಿದರೆ ಕೇಳ್ತಾರಾ, ವಿಚಾರಿಸು. ಅಲ್ಲೀತನಕ ದಿನಾ ಹೋಗಿ ಕಟ್ಟು ಕಟ್ಟಿ ಬಾ."

ಮಾರನೆಯ ದಿನದಿಂದ ಶುರುವಾಯಿತು. ಬೆಳಿಗ್ಗೆ ಸೈಕಲ್ ಮೇಲೆ ಮೂರು ಮೈಲಿ. ಮೊದಲು ಹಳೇ ಕಟ್ಟಿನ ಮೇಲೆ ಉಗುರುಬೆಚ್ಚಗಿನ ನೀರು ಬಿಟ್ಟು ನೆನೆಸುವುದು. ನೆನೆಯದೆ ಎಳೆದರೆ ಬಟ್ಟೆಯ ಜೊತೆ ಮಾಂಸ ಬರುತ್ತದೆ. ಆಮೇಲೆ ಪರ್ಮಾಂಗನೇಟ್ ಹಾಕಿದ ನೇರಳೆ ನೀರಿನಲ್ಲಿ ತೊಳೆಯುವುದು, ಸತ್ತದ್ದನ್ನು ಚಿಮಟದಿಂದ ತೆಗೆಯುವುದು, ವಾಸನೆಗೆ ಇದ್ದಿಲು ಪುಡಿ, ಅದರ ಮೇಲೆ ಗಾಜ್ ಅನ್ನುವ ಜಾಳು ಬಟ್ಟೆ, ಹತ್ತಿ, ಕಟ್ಟು. ಎರಡನೆಯ ದಿನವೇ ಬಟ್ಟೆ ಅಂಟಿಕೊಂಡು ರಕ್ತ ಬಂತು. ಅವಳು ಉಸಿರು ಬಿಗಿ ಹಿಡಿದಳು. ಆಮೇಲೆ ಸೊಸೆಯನ್ನು ಕೂಗಿದಳು.

"ಮಗಾ, ಒಂದು ಬಾಳೆ ಸುಳಿ ಎಲೆ ಕೂದು, ಒಲೆ ಮೇಲೆ ಬಾಡಿಸ್ಕಂಡು ಬಾ. ಈ ಬ್ಯಾಂಡೇಜಪ್ಪನ ಬಟ್ಟೆಗಿಂತ ಅದೇ ಮೇಲು."

ಬಾಡಿಸಿದ ಎಲೆ ಅಂಟಲಿಲ್ಲ. ತಣ್ಣಗೂ ಇತ್ತು. ಆವತ್ತಿನಿಂದ ಜಾಳು ಬಟ್ಟೆಯ ಜಾಗಕ್ಕೆ ಬಾಳೆಲೆ ಬಂತು. ಡಾಕ್ಟರಮ್ಮನಿಗೆ ಹೇಳಿದಾಗ ಮೊದಲು ಬೈದರು, ಆಮೇಲೆ ಎಲೆಯನ್ನು ಬಿಸಿನೀರಿನಲ್ಲಿ ಅದ್ದಿ ಹಾಕು ಅಂದರು.

ಕಟ್ಟು ಮುಗಿಸುವಾಗ ನಾನು ಕಲಿತಂತೆ ಬೆರಳುಗಳ ಸಂದಿಗೆ ಹತ್ತಿ ಇಟ್ಟು, ಅಂಗೈಗೆ ಒಂದು ಹತ್ತಿ ಉಂಡೆ ಕೊಟ್ಟು, ಮುಷ್ಟಿ ಮುಚ್ಚಿಸಿ, ಮೇಲೆ ಸುತ್ತುತ್ತಿದ್ದೆ. ಸುತ್ತು ಎಲ್ಲೂ ಜಾರದೆ ಗುಂಡಗೆ ಕೂರುತ್ತಿತ್ತು. ನನ್ನ ಕೈಕೆಲಸದ ಮೇಲೆ ನನಗೆ ಹೆಮ್ಮೆ.

ಅವ್ವನದು ಒಂದೇ ಕಟ್ಟಳೆ. ಗಾಯ ತೊಳೆದಾದ ಮೇಲೆ, ಕಟ್ಟುವುದಕ್ಕೆ ಮುಂಚೆ, ನಾನು ಜಗುಲಿಗೆ ಹೋಗಿ ಕೂರಬೇಕು. ಅವಳು ಗಾಯಕ್ಕೆ ನೀರು ತಾಕದಂತೆ ಸ್ನಾನ ಮಾಡಿ, ವಿಭೂತಿ ಧರಿಸಿ, ಪೂಜೆ ಮುಗಿಸಿ ಕರೆಯುತ್ತಾಳೆ. ಆಮೇಲೆ ಕಟ್ಟು.

"ದಿನಾ ದೇವರಿಗಿಂತ ಮೊದ್ಲು ನಿನ್ ಮಕ ನೋಡದಾಯ್ತು" ಅನ್ನುತ್ತಿದ್ದಳು.

ಮೊದಲು ನಾನು ಜಗುಲಿಯಲ್ಲಿ ಬೀಡಿ ಸೇದುತ್ತ ಹೊತ್ತು ಕಳೆಯುತ್ತಿದ್ದೆ. ಒಂದು ದಿನ ಬೇಜಾರಾಗಿ ಬಾಗಿಲ ಕಡೆ ತಿರುಗಿ ನೋಡಿದೆ. ಗೋಡೆಗೆ ಒರಗದೆ ನೆಟ್ಟಗೆ ಕೂತಿದ್ದಳು. ಎಡಗೈ ಎದೆಯ ಮಟ್ಟಕ್ಕೆ ಮುಂದೆ ಚಾಚಿದೆ. ಹುಣ್ಣು ಇರುವುದು ಮುಂಗೈ ಕಡೆ, ಅಂಗೈಗೆ ಬೆನ್ನಾಗಿ. ಹಾಗಾಗಿ ಅಂಗೈ ಮೇಲೆ ಮಾಡಿದರೆ ಹುಣ್ಣಿನ ಭಾರವೆಲ್ಲ ಕೆಳಗೆ ಜಗ್ಗುತ್ತದೆ. ಆ ಕೈಯನ್ನು ನಾನು ದಿನಾ ಎತ್ತಿ ಹಿಡಿಯುತ್ತೇನೆ, ಅದರ ತೂಕ ನನಗೆ ಗೊತ್ತು. ಹಿಡಿದವನಿಗೆ ಬೆವರು ಬರುತ್ತದೆ. ಅವಳು ಬೇರೆ ಯಾವ ಆಸರೆಯೂ ಇಲ್ಲದೆ ಹಿಡಿದಿದ್ದಳು. ಅಂಗೈ ಮೇಲೆ ಆ ಸಣ್ಣ ಕರೀ ಲಿಂಗ. ಬಲಗೈಯಿಂದ ನೀರು ಬಿಟ್ಟಳು, ವಿಭೂತಿ ಹಚ್ಚಿದಳು, ಒಂದು ಕಣಗಿಲೆ ಹೂವು ಇಟ್ಟಳು. ಹೂವು ಅಲ್ಲಾಡಲಿಲ್ಲ. ನನ್ನ ಬೀಡಿ ಬೆರಳು ಸುಟ್ಟಿತು. ಆರಿಸಿ ಎಸೆದೆ.

ಆವತ್ತಿನಿಂದ ಅಲ್ಲಿ ಬೀಡಿ ಸೇದಿಲ್ಲ.

ಹಾಗಂತ ನನ್ನ ಮನಸ್ಸೇನೂ ಬದಲಾಗಿರಲಿಲ್ಲ. ಇಷ್ಟು ಗಟ್ಟಿ ಹೆಂಗಸು ಸಾಯಬಾರದು ಅಂತ ಇನ್ನೂ ಹಟ ಬಂತು. ಅವರ ಮನೆತನ ನಡೆದುಕೊಳ್ಳುವ ಮಠ ಯಳಂದೂರಿನ ಆಚೆ. ಡಾಕ್ಟರಮ್ಮನ ಚೀಟಿ ತೆಗೆದುಕೊಂಡು, ಕಟ್ಟಿನ ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತಿದೆ.

ಸ್ವಾಮಿಗಳು ಮಠದ ಹಿಂದೆ ಎಮ್ಮೆಗೆ ಹುಲ್ಲು ಹಾಕಿಸುತ್ತಿದ್ದರು. ನಾನು ಅಡ್ಡಬಿದ್ದು ವಿಷಯ ಹೇಳಿದೆ. ಪೂರ್ತಿ ಕೇಳಿ, ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು.

"ಎಡಗೈ ಇಲ್ದಿದ್ರೆ ಬಲಗೈ. ಅದೂ ಇಲ್ದಿದ್ರೆ ಎದೆ ಮೇಲೆ. ಲಿಂಗ ಮೈಮೇಲೆ ಇದ್ರೆ ಸಾಕಪ್ಪ. ಇದು ಆಯಮ್ಮನಿಗೆ ಗೊತ್ತಿಲ್ಲ ಅಂತ ಯಾರು ಹೇಳಿದ್ರು ನಿನಗೆ?"

"ಅವ್ರೇ ಹೇಳಿದ್ರು ಬುದ್ಧಿ."

"ಹಾಗಾ? ಸರಿ. ನಾನು ಹೇಳಿದೆ ಅಂತ ಹೇಳು." ಒಂದು ವಿಭೂತಿ ಗಟ್ಟಿ ಕೊಟ್ಟರು.

ಗೆದ್ದೆ ಅಂದುಕೊಂಡೆ. ವಾಪಸು ಬರುವಾಗ ಗಡಿಯ ಚೌಕಿಯಲ್ಲಿ ಬಸ್ಸು ನಿಲ್ಲಿಸಿದರು. ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿದ್ದು, ಯಳಂದೂರು ಮೈಸೂರಿಗೆ. ಮದರಾಸು ಕಡೆ ಕುಡಿತ ಬಂದ್ ಮಾಡಿದ್ದಾರೆ. ಮೈಸೂರು ಸೀಮೆಯಿಂದ ಬರುವವರ ಚೀಲವನ್ನೆಲ್ಲ ಮೂಸುತ್ತಾರೆ. ಪೇದೆ ನನ್ನ ಸ್ಪಿರಿಟ್ ಸೀಸೆಯ ಮುಚ್ಚಳ ತೆಗೆದ.

"ಏನ್ಲಾ ಇದು?"

"ಸ್ಪಿರಿಟ್ಟು ಸಾ. ಗಾಯಕ್ಕೆ."

"ಯಾವ ಗಾಯಕ್ಕೆ? ನಿನ್ ಗಂಟಲಲ್ಲಿರೋ ಗಾಯಕ್ಕಾ?"

"ಬೇಕಾದ್ರೆ ನೀವೇ ಒಂದು ಗುಟುಕು ಆಕಿ ನೋಡಿ ಸಾ. ಆಮೇಲೆ ನಿಮ್ ಗಂಟಲಿಗೂ ನಾನೇ ಕಟ್ಟು ಕಟ್ತೀನಿ."

ಆ ಮಾತಿಗೆ ನನ್ನನ್ನು ಇಳಿಸಿ ಕೂರಿಸಿದರು. ಬಸ್ಸು ಹೋಯಿತು. ಸೀಸೆಯನ್ನು ಇಟ್ಟುಕೊಂಡು ನನ್ನನ್ನು ಬಿಟ್ಟಾಗ ಹೊತ್ತು ಇಳಿದಿತ್ತು. ಕೊಳ್ಳೇಗಾಲದವರೆಗೂ ನಡೆದೆ. ಆದರೂ ಖುಷಿಯಾಗಿದ್ದೆ. ಜೇಬಿನಲ್ಲಿ ವಿಭೂತಿ ಗಟ್ಟಿ ಇತ್ತಲ್ಲ.

ಮಾರನೆಯ ಬೆಳಿಗ್ಗೆ ಅವ್ವ ವಿಭೂತಿಯನ್ನು ಕಣ್ಣಿಗೆ ಒತ್ತಿಕೊಂಡಳು. ಸ್ವಾಮಿಗಳ ಮಾತು ಕೇಳಿದಳು. ಆಮೇಲೆ ನಗಲು ಶುರು ಮಾಡಿದಳು.

"ಇದನ್ನ ಕೇಳಕ್ಕೆ ಎಳಂದೂರು ಗಂಟ ಓಗಿದ್ಯಾ? ನಮ್ ಬಾವ ಆಲೆಮನೆ ಗಾಣಕ್ಕೆ ಎಡಗೈ ಕೊಟ್ಟು, ಸಾಯಾಗಂಟ ಬಲಗೈಲೇ ಪೂಜೆ ಮಾಡ್ದ. ಅವನ್ನ ಯಾರು ಬ್ಯಾಡ ಅಂದ್ರು?"

ನನಗೆ ರೇಗಿತು. "ಮತ್ತೆ ನನ್ಕುಟ್ಟೆ ಸುಳ್ಳು ಯಾಕೇಳ್ದೆ?"

"ಸುಳ್ಳಲ್ಲ ಕಣಪ್ಪ. ಈ ಕೈಲೇ ಇವನಿರ್ಬೇಕು ಅನ್ನಾದು ನಂಗೆ ನಿಜ್ವೇ. ಆದ್ರೆ ಕಾರಣ ಅದಲ್ಲ, ಅಷ್ಟೇಯ. ನಂಗೆ ಬ್ಯಾಡ ಅಂದಿದ್ರೆ ನೀವು ಬುಡ್ತಿದ್ರಾ? ದೇವ್ರು ಅಂದ್ರೆ ನೀವೆಲ್ಲ ಒಂದಡಿ ಇಂದಕ್ಕೆ ನಿಂತ್ಕತೀರ. ಆ ಒಂದಡಿ ಸಾಕಿತ್ತು, ನಾ ಬಾಗ್ಲು ದಾಟಕ್ಕೆ."

"ಅಂಗಾರೆ ಕಾರಣ ಏನು? ಅದಾರೂ ಏಳು. ಅಲ್ಲಿ ಬರೀಬೇಕು."

ಅವಳು ನಗುವುದನ್ನು ನಿಲ್ಲಿಸಿದಳು. ಅವಳಿಗೊಬ್ಬ ತಂಗಿ ಇದ್ದಳಂತೆ. ಎದೆಯಲ್ಲಿ ಗೆಡ್ಡೆ. ಮದರಾಸಿಗೆ ಕರೆದುಕೊಂಡು ಹೋಗಿ, ಕೊಯ್ಯಿಸಿ, ರೇಡಿಯಂ ಕಾವು ಕೊಡಿಸಿ, ಜೊತೆಗಿದ್ದವಳು ಇವಳೇ.

"ಅವ್ಳು ಅಲ್ಲಿಂದ ಬಂದು ಎರಡು ವರ್ಷ ಇದ್ಲು. ಡಾಕ್ಟ್ರು ಚೆನ್ನಾಗಾಯ್ತು ಅಂದ್ರು. ನಾ ಕಂಡದ್ದು ಬ್ಯಾರೆ. ಎರಡು ವರ್ಷವೂ ಅವ್ಳ ಕೈ ಅವ್ಳ ಮೈಮೇಲೇ ಇತ್ತು. ಇಲ್ಲಿ ಗಂಟಾಯ್ತಾ, ಇಲ್ಲಿ ಗಂಟಾಯ್ತಾ, ತಡವ್ಕತಾನೇ ಇದ್ಲು. ಉಣ್ಣಾಗ್ಲೂ, ಮಕ್ಕಳು ಮಾತಾಡ್ಸಾಗ್ಲೂ. ಕೊನೀಗೆ ಗಂಟು ಸಿಕ್ದಾಗ, ಏನಂದ್ಲು ಗೊತ್ತಾ? 'ಅಕ್ಕಾ, ಇನ್ನು ಗಂಟು ಉಡ್ಕಂಗಿಲ್ಲ' ಅಂದ್ಲು. ಆವತ್ತು ಒಟ್ಟೆ ತುಂಬ ಉಂಡ್ಲು."

ನಾನು ನೆನೆದ ಕಟ್ಟನ್ನು ಬಿಚ್ಚುತ್ತಿದ್ದೆ.

"ನಂಗೆ ಉಡ್ಕದು ಬ್ಯಾಡ. ಇರಾಗಂಟ ಇರ್ತೀನಿ. ಇದನ್ನ ಆ ಪುಸ್ತಕದಲ್ಲಿ ಎಂಗೆ ಬರೀತೀಯೋ ಬರ್ಕ."

ಅವಳ ಮಗ ಹಜಾರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು, ಒಳ್ಳೇ ಗಟ್ಟಿ ಆಳು. ನಾನು ಹೊರಗೆ ಬಂದಾಗ ಹಿಪ್ಪುನೇರಳೆ ತೋಟದ ಬದುವಿನವರೆಗೂ ಜೊತೆಗೆ ಬಂದ.

"ಲೇ, ಅವಳ ಮಾತು ಕಟ್ಕಂಡು ಕುಂತ್ರೆ ಆಯ್ಕಿಲ್ಲ. ನಾನು ಒಬ್ನೇ ಮಗ ಕಣ್ಲಾ. ಕೈ ಇಲ್ದಿದ್ರೂ ನಮ್ಮವ್ವ ನಮ್ಮವ್ವನೇ. ನಿಮ್ತಾವ ನಿದ್ದೆ ಔಸ್ದಿ ಅದಲ್ಲ, ಒಂದು ಡೋಸ್ ಜಾಸ್ತಿ ಆಕ್ಕೊಡು. ನಾ ಗಾಡಿ ಕಟ್ತೀನಿ. ಎಚ್ರ ಆಗಾ ಒತ್ಗೆ ಎಲ್ಲಾ ಮುಗ್ದಿರ್ತದೆ."

ಮುಚ್ಚಿಡುವುದೇನು, ನನಗೂ ಅದೇ ಸರಿ ಅನ್ನಿಸಿತು. ಡಾಕ್ಟರಮ್ಮನಿಗೆ ಅವ್ವ ಒಪ್ಪಿದಳು ಅಂತ ಹೇಳಿದರೆ ಮುಗಿಯಿತು. ಮಲಗಿದವಳು ಇಲ್ಲ ಅನ್ನುವುದಿಲ್ಲ. ಮೂರು ದಿನ ಬಿಟ್ಟು ಮಾಡೋಣ ಅಂತ ಮಾತಾಯಿತು. ಕಾಂಪೌಂಡರು ಆ ಕಡೆ ಹೋದಾಗ ನಿದ್ದೆ ಔಷಧಿಯನ್ನು ಒಂದು ಸಣ್ಣ ಸೀಸೆಗೆ ಬಗ್ಗಿಸಿಕೊಂಡು ಜೇಬಿಗೆ ಹಾಕಿದೆ.

ಆವತ್ತು ನಾನು ಹೋದಾಗ ಗಾಡಿ ಹಿತ್ತಲಲ್ಲಿ ನಿಂತಿತ್ತು. ಒಳಗೆ ಮೆತ್ತಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿದ್ದ. ಎತ್ತು ನೊಗಕ್ಕೆ ಬಂದಿದ್ದವು. ನಾನು ಒಳಗೆ ಹೋಗಿ ಎಂದಿನಂತೆ ಬಿಚ್ಚಿದೆ, ತೊಳೆದೆ, ಜಗುಲಿಗೆ ಬಂದು ಕೂತೆ. ಪೂಜೆ ಆಗಲಿ, ಆಮೇಲೆ ಕುಡಿಸೋಣ ಅಂತ. ಬಾಗಿಲಿನಿಂದ ನೋಡುತ್ತಿದ್ದೆ.

ಅವಳು ಕೈ ಚಾಚಿದಳು. ಅಂಗೈ ಬಿಚ್ಚಲಿಲ್ಲ.

ಬೆರಳುಗಳು ಅರ್ಧಕ್ಕೆ ನಿಂತಿದ್ದವು. ಬಲಗೈಯಿಂದ ಒಂದೊಂದಾಗಿ ಬಿಡಿಸಿದಳು. ಬಿಟ್ಟ ತಕ್ಷಣ ಮತ್ತೆ ಮುದುರಿಕೊಂಡವು. ಲಿಂಗ ಇಟ್ಟಳು. ಅದು ವಾಲಿತು. ಬೀಳುವಷ್ಟರಲ್ಲಿ ಬಲಗೈಯಿಂದ ಎದೆಗೆ ಒತ್ತಿ ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಮುಖವನ್ನಲ್ಲ, ನನ್ನ ತೊಡೆಯ ಮೇಲಿದ್ದ ಸುತ್ತುಬಟ್ಟೆಯನ್ನು ನೋಡಿದಳು.

"ನಾಕೈದು ದಿನದಿಂದ್ಲೂ ಇಂಗೇ ಆಯ್ತಾ ಅದೆ. ನೀ ದಿನಾ ಮುಷ್ಟಿ ಕಟ್ಬುಟ್ಟು ಓಯ್ತೀಯಲ್ಲ, ಅದಕ್ಕೆ ಇರ್ಬೇಕು ಕಣಪ್ಪ."

ಬೆರಳು ಎತ್ತುವ ನರಗಳು ಇರುವುದು ಹುಣ್ಣು ಇರುವ ಕಡೆಯೇ. ಅವು ಮೊದಲೇ ಸೋತಿದ್ದವು. ಅಂಥ ಕೈಯನ್ನು ನಾನು ಹಗಲೂ ರಾತ್ರಿ ಮುಷ್ಟಿ ಮಾಡಿ ಬಿಗಿದಿಟ್ಟಿದ್ದೆ, ಗುಂಡಗೆ ಕಾಣಲಿ ಅಂತ. ಗರಗಸ ಒಂದೇ ಸಲಕ್ಕೆ ಮಾಡುತ್ತಿದ್ದ ಕೆಲಸವನ್ನು ನಾನು ದಿನಕ್ಕಿಷ್ಟು ದಿನಕ್ಕಿಷ್ಟು ಮಾಡಿದ್ದೆ.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

"ಯಾಕ್ಲಾ ಅಂಗೆ ಕುಂತ್ಕಂಡೆ? ನಿಂಗೇನು ಗೊತ್ತಿತ್ತು? ಇವತ್ತು ಬಲಗೈಲಿ ಮಾಡ್ತೀನಿ. ನಾಳಿಕ್ಕೆ ಏನಾರ ದಾರಿ ಉಡ್ಕಂಡು ಬಾ."

ಲಿಂಗವನ್ನು ಬಲಗೈಗೆ ತೆಗೆದುಕೊಂಡಳು. ಪೂಜೆ ಮಾಡಿದಳು. ಯಾವುದೂ ಕಮ್ಮಿಯಾಗಲಿಲ್ಲ, ಹೂವೂ ಸಹ. ತನಗೆ ಅಷ್ಟು ದೊಡ್ಡದಾಗಿದ್ದನ್ನು ಎಷ್ಟು ಸಲೀಸಾಗಿ ಬಿಟ್ಟುಕೊಟ್ಟಳು! ಹಾಗೆ ಬಿಡಬಲ್ಲವಳು ಆಪರೇಷನ್ನಿಗೆ ಬೇಡ ಅಂದಿದ್ದು ಹೆದರಿಕೆಯಿಂದಲ್ಲ, ಪೆದ್ದುತನದಿಂದಲೂ ಅಲ್ಲ. ನನ್ನ ಜೇಬಿನ ಸೀಸೆ ತೊಡೆಗೆ ಒತ್ತುತ್ತಿತ್ತು. ನಾಳೆ ಬಾ ಅಂದಿದ್ದಳು. ಅವಳ ಕೈ ಕೆಡಿಸಿದವನಿಗೇ ಮತ್ತೆ ಆ ಕೈ ಕೊಡುತ್ತೇನೆ ಅಂದಿದ್ದಳು.

ಹಿತ್ತಲಿಗೆ ಹೋಗಿ ಸೀಸೆಯನ್ನು ತಿಪ್ಪೆಗೆ ಬಗ್ಗಿಸಿದೆ. ಮಗ ಬಂದು ನನ್ನ ಅಂಗಿ ಹಿಡಿದ.

"ಏನ್ಲಾ ಮಾಡ್ದೆ?"

"ಬ್ಯಾಡ ಕಣಣ್ಣ."

"ನಿಮ್ಮವ್ವ ಆಗಿದ್ರೆ ಇಂಗೇ ಬುಡ್ತಿದ್ಯಾ?"

"ಗೊತ್ತಿಲ್ಲ. ಆದ್ರೆ ಒಂದು ಏಳ್ತೀನಿ. ಎಚ್ರ ಆಗಿ ಕೈ ಉಡುಕ್ತಾಳಲ್ಲ, ಆಗ ಎದುರಿಗೆ ನಿಂತಿರಾನು ನೀನು. ಏನಂತ ಏಳ್ತೀಯ?"

ಅವನ ಮುಷ್ಟಿ ನನ್ನ ಎದೆಯ ಮೇಲೆ ಬಿಗಿಯಾಗಿಯೇ ಇತ್ತು. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ. ಹೋಗಿ ಎತ್ತಿನ ಕೊರಳ ಹಗ್ಗ ಬಿಚ್ಚಿದ. ಎತ್ತಿಗೆ ಮುಖ ಒತ್ತಿಕೊಂಡು ನಿಂತ.

ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿದೆ, ಸೀಸೆಯ ವಿಷಯವನ್ನೂ. ಕೆಲಸದಿಂದ ತೆಗೆಯುತ್ತೇನೆ ಅಂದರು. ತಾವು ಓದಿದ್ದು ಬದುಕಿಸಲು, ನೋಡುತ್ತ ಕೂರಲು ಅಲ್ಲ ಅಂದರು. ಕೊನೆಗೆ ರಿಜಿಸ್ಟರ್ ಎಳೆದುಕೊಂಡರು.

"ಕಾರಣ ಏನು ಬರೀಲಿ?"

"ಬೇಡ ಅಂದರು, ಅಂತ ಬರೀರಿ."

"ಅದು ಕಾರಣ ಅಲ್ಲ, ತಂಬಿ."

"ನಂಗೆ ಗೊತ್ತಿರೋದು ಅಷ್ಟೇ ಅಮ್ಮಾ."

ಲೇಖನಿ ಕೆಳಗಿಟ್ಟರು. ಆಮೇಲೆ ಪುಸ್ತಕ ಮುಚ್ಚಿ, ಬೀರುವಿನ ಬಾಗಿಲು ತೆಗೆದು, ನೋವಿನ ಔಷಧಿ ಕೊಟ್ಟರು. ಎಷ್ಟು ಹನಿ, ಎಷ್ಟು ಹೊತ್ತಿಗೆ ಅಂತ ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದರು. ಬೆರಳುಗಳನ್ನು ಮೇಲಿನಿಂದ ಎತ್ತಿ ಹಿಡಿಯಬೇಕು, ಆದರೆ ಹುಣ್ಣಿನ ಮೇಲೆ ಹಲಗೆ ಕಟ್ಟುವಂತಿಲ್ಲ, ಹೇಗೆ ಅನ್ನುವುದು ತಮಗೂ ಗೊತ್ತಿಲ್ಲ ಅಂದರು.

ನನಗೆ ದಾರಿ ಸಿಕ್ಕಿದ್ದು ಅವ್ವನ ಮನೆಯ ಗೋಡೆಯಲ್ಲೇ. ರೇಷ್ಮೆ ಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯನ್ನು ಚಂದ್ರಿಕೆ ಅನ್ನುತ್ತಾರೆ. ಮುರಿದ ಒಂದು ಚಂದ್ರಿಕೆ ಗೋಡೆಗೆ ಒರಗಿತ್ತು. ಅದರ ಸೀಳು ಬಿದಿರಿನ ದಬ್ಬೆ ಎಷ್ಟು ಬಗ್ಗಿಸಿದರೂ ಮುರಿಯುವುದಿಲ್ಲ. ಎರಡು ದಬ್ಬೆ ತೆಗೆದು, ನೀರಿನಲ್ಲಿ ನೆನೆಹಾಕಿ, ಬಿಲ್ಲಿನಂತೆ ಬಗ್ಗಿಸಿದೆ. ಒಂದು ತುದಿ ಮೊಣಕೈಯ ಕೆಳಗೆ ಕಟ್ಟಿದೆ. ಬಿಲ್ಲು ಹುಣ್ಣನ್ನು ಮುಟ್ಟದೆ ಅದರ ಮೇಲೆ ಸೇತುವೆಯಂತೆ ಹಾದು, ಇನ್ನೊಂದು ತುದಿ ಬೆರಳುಗಳಿಂದ ಆಚೆಗೆ ಚಾಚಿತು. ಆ ತುದಿಯಿಂದ ನಾಲ್ಕು ದಾರದ ಕುಣಿಕೆ ಇಳಿಬಿಟ್ಟು ನಾಲ್ಕು ಬೆರಳುಗಳನ್ನು ತೂಗುಹಾಕಿದೆ.

ಮೊದಲ ದಿನ ದಬ್ಬೆ ಚರ್ಮಕ್ಕೆ ಕೊರೆಯಿತು. ಹತ್ತಿ ಸುತ್ತಿದೆ. ಎರಡನೆಯ ದಿನ ದಾರ ಒದ್ದೆಯಾಗಿ ಹಿಗ್ಗಿ ಬೆರಳು ಮತ್ತೆ ಇಳಿಬಿದ್ದವು. ಅವ್ವ ಸೊಸೆಯನ್ನು ಕೂಗಿದಳು.

"ಮಗಾ, ನಮ್ದೇ ರೇಷ್ಮೆ ತಕಂಡು ಬಾ. ಇವನ್ಗೆ ಮನೇಲಿ ಬಂಗಾರ ಇಟ್ಕಂಡು ಊರೆಲ್ಲ ಇತ್ತಾಳೆ ಉಡ್ಕದೇ ಆಯ್ತು."

ಸೊಸೆ ಎಳೆ ಹಿಡಿದಳು, ಅವ್ವ ಬಲಗೈಯಲ್ಲಿ ಹುರಿ ಹೊಸೆದಳು. ಆ ರೇಷ್ಮೆ ಹಿಗ್ಗಲಿಲ್ಲ, ಕೊರೆಯಲಿಲ್ಲ. ದಿನಾ ಒಂದು ಎಳ್ಳಿನಷ್ಟು ಬಿಗಿ ಮಾಡುತ್ತ ಬಂದೆ. ಹನ್ನೆರಡನೆಯ ದಿನ ಅವಳು ಕೈ ಚಾಚಿದಾಗ ಅಂಗೈ ಬಟ್ಟಲಿನಂತೆ ಬಿಚ್ಚಿತ್ತು. ಲಿಂಗ ಕೂತಿತು. ನಾನು ಜಗುಲಿಯಲ್ಲಿ ಎದ್ದು ನಿಂತುಬಿಟ್ಟಿದ್ದೆ.

ಆಮೇಲೆ ಆ ಮನೆಯಲ್ಲಿ ಎರಡು ಬೆಳೆ ಗೂಡು ಬಂತು. ಕಂಕುಳಲ್ಲಿ ಗಂಟೂ ಬಂತು. ಅದನ್ನು ಮೊದಲು ಕಂಡವನು ನಾನು. ಹೇಳಲೋ ಬೇಡವೋ ಅಂತ ಕೈ ನಿಲ್ಲಿಸಿದೆ. "ಸಿಕ್ತಾ? ಸರಿ, ಮುಂದಕ್ಕೆ ಕಟ್ಟು" ಅಂದಳು. ಒಂದು ದಿನ ಹುಣ್ಣಿನ ರಕ್ತನಾಳ ಒಡೆದಾಗ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಅರ್ಧ ಗಂಟೆ ಕೂತೆ. ಆ ಅರ್ಧ ಗಂಟೆಯೂ ಅವಳು ನನಗೆ ಹೆಣ್ಣು ಹುಡುಕುವ ಮಾತಾಡಿದಳು. "ಮುಷ್ಟಿ ಕಟ್ಟಾನು ಅಂತ ಮೊದ್ಲೇ ಏಳ್ಬುಡ್ತೀನಿ" ಅಂದಳು. ನೋವು ಇತ್ತು. ಕಮ್ಮಿ ಇತ್ತು ಅಂತ ಯಾರೂ ತಿಳಿಯಬೇಡಿ. ಕಿರುಚಿದ ದಿನಗಳೂ ಇದ್ದವು. ಆದರೆ ಒಂದು ದಿನವೂ ಯಾಕೆ ಬೇಡ ಅಂದೆನೋ ಅನ್ನಲಿಲ್ಲ. ನಾನೂ ಕೇಳಲಿಲ್ಲ.

ಕೈ ತೆಗೆಸಿದ್ದರೆ ಬದುಕುತ್ತಿದ್ದಳೋ ಏನೋ. ಕಾಲು ತೆಗೆಸಿಕೊಂಡು ಬದುಕಿರುವ ಹನೂರಿನ ಇನ್ನೊಬ್ಬ ವಾರದ ಸಂತೆಗೆ ಬರುತ್ತಾನೆ, ಕೋಲೂರಿಕೊಂಡು ಎಲ್ಲರಿಗಿಂತ ಜೋರಾಗಿ ಕೂಗಿ ವ್ಯಾಪಾರ ಮಾಡುತ್ತಾನೆ. ಅವನನ್ನು ನೋಡಿದಾಗಲೆಲ್ಲ, ಬೇಕಿಲ್ಲದಿದ್ದರೂ ಅವನ ಹತ್ತಿರ ಏನಾದರೂ ಕೊಂಡುಕೊಳ್ಳುತ್ತೇನೆ. ಈಗಲೂ ಓಡಿಹೋದವರ ಹಿಂದೆ ಹೋಗುತ್ತೇನೆ, ಬನ್ನಿ ಅಂತ ಜಗಳ ಆಡುತ್ತೇನೆ. ಪೆದ್ದುತನ ಅಂತ ಮಾತ್ರ ಬರೆಸುವುದಿಲ್ಲ.

ಕೊನೆಯ ವಾರ ಅವ್ವ ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದಳು. "ನಾ ಸತ್ತೋದಾಗ ಬಂದು ಒಂದು ಕಟ್ಟು ಕಟ್ಟು ಬ್ಯಾಂಡೇಜಪ್ಪ. ಎಣದ ಕೈ ಮುದುರ್ಕಬುಟ್ರೆ ಐನೋರು ಲಿಂಗ ಇಕ್ಕಕ್ಕೆ ಬೆರಳು ಮುರೀಬೇಕಾಯ್ತದೆ."

ಮಗನೇ ಸೈಕಲ್ ಮೇಲೆ ಬಂದು ಹೇಳಿದ. ಹೊಸ ರೇಷ್ಮೆ ಹುರಿ, ಎರಡು ದಬ್ಬೆ, ಸುತ್ತುಬಟ್ಟೆ ತೆಗೆದುಕೊಂಡು ಹೋದೆ. ಹಜಾರದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಎಡಗೈಗೆ ನನ್ನ ಬಿಲ್ಲು ಹಾಗೇ ಇತ್ತು. ಐನೋರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಮೈ ಆಗಲೇ ಸೆಟೆದಿತ್ತು. ನಾನು ಹೊಸ ಹುರಿ ಪಕ್ಕಕ್ಕಿಟ್ಟು, ಹಳೇ ಕುಣಿಕೆಯನ್ನು ಒಂದೊಂದಾಗಿ ಬೆರಳಿನಿಂದ ಜಾರಿಸಿದೆ. ಒಂದು. ಎರಡು. ಮೂರು. ನಾಲ್ಕು. ದಬ್ಬೆ ತೆಗೆದೆ.

ಬೆರಳು ಬೀಳಲಿಲ್ಲ. ಅಂಗೈ ಬಟ್ಟಲಿನಂತೆ ಬಿಚ್ಚಿಕೊಂಡೇ ಇತ್ತು. ಕಟ್ಟಲು ಹೋದವನು ಬಿಚ್ಚಿ ಬಂದೆ.

ನಡೆದದ್ದು ಇಷ್ಟು. ಇದಕ್ಕೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ.